ಅರೆಮಾತ್ರೆ ಮುಂಚೆ

ನಾನು ಕೂರುವುದು ರಂಗದ ಅಂಚಿನ ಗುಂಡಿಯಲ್ಲಿ.
ತಲೆಯಷ್ಟೇ ನೆಲದ ಮಟ್ಟಕ್ಕೆ, ಮೇಲೊಂದು ಮರದ ಮುಚ್ಚಳ,
ಮಡಿಲಲ್ಲಿ ಸ್ವರಲಿಪಿಯ ದಪ್ಪ ಹೊತ್ತಗೆ, ಮಂಕು ದೀಪ.
ಮಾಗ್ಡೆಬುರ್ಗಿನ ಜನ ನನ್ನ ಮುಖ ಕಂಡವರಲ್ಲ.
ನಾನೂ ಗಾಯಕಿಯರನ್ನು ಮುಖದಿಂದ ಗುರುತಿಸುವುದಿಲ್ಲ;
ಪಾದದಿಂದ.

ಝೊಲಿಸ್ವಾ ಬಂದಾಗ ಫೆಬ್ರವರಿ.
ಎಲ್ಬೆಯ ಮೇಲೆ ಹಿಮದ ಬಿಲ್ಲೆಗಳು ಒಂದನ್ನೊಂದು ಉಜ್ಜುತ್ತ ಸಾಗಿದ್ದವು.
ಮೊದಲ ತಾಲೀಮಿಗೆ ನನಗೆ ಕಂಡದ್ದು ಕಂದು ಬೂಟು,
ಎಡಗಾಲಿನ ಲಾಡಿ ಕಪ್ಪು, ಬಲಗಾಲಿನದು ಬಿಳಿ.
ಕೊಟ್ಟ ಪಾತ್ರ, ಕಾಗದ ತಂದುಕೊಡುವ ದಾಸಿ:
ಹನ್ನೊಂದು ಸಾಲು, ಒಂದು ಬಾಗು, ನಿರ್ಗಮನ.
ಏಳನೆಯ ಸಾಲಿನಲ್ಲಿ ಒಂದು ಪುಟ್ಟ ಇಟಾಲಿಯನ್ ಪದ,
'ಆದರೂ' ಅನ್ನುವಷ್ಟು ಅರ್ಥ.
ಅದು ದಿನಾ ಅವಳ ಬಾಯಿಂದ ಜಾರಿಹೋಗುತ್ತಿತ್ತು.

ನನ್ನ ಕಸುಬಿನ ಗುಟ್ಟು ಇಷ್ಟೆ:
ಪದವನ್ನು ಅರೆಮಾತ್ರೆ ಮುಂಚೆ ಎತ್ತಿಕೊಡಬೇಕು.
ಅದಕ್ಕೂ ಮುಂಚೆಯಾದರೆ ನೆಲಕ್ಕೆ ಬಿತ್ತು,
ತಡವಾದರೆ ಅದು ಪದವಲ್ಲ, ಛೀಮಾರಿ.

ಕ್ಯಾಂಟೀನಿನಲ್ಲಿ ಬಟಾಣಿ ಸಾರಿನ ಮುಂದೆ ಕೂತು
ತನ್ನ ಮನೆತನದ ಹೆಸರು ಕಲಿಸಿದಳು.
ಅದರ ಮೊದಲಕ್ಷರ ಕಾಗದದ ಮೇಲೆ ನಿಲ್ಲುವಂಥದ್ದಲ್ಲ.
ನಾಲಿಗೆಯ ಮಗ್ಗುಲನ್ನು ದವಡೆಗೆ ಅಂಟಿಸಿ ಕೀಳಬೇಕು,
ಕುದುರೆಗೆ 'ನಡಿ' ಅನ್ನುವಾಗಿನ ಲೊಚಗುಟ್ಟು,
ಅದರ ಬೆನ್ನಿಗೇ 'ಅಬನೀಸಾ'.
"ನಿಮ್ಮವರೆಲ್ಲ ಕಬನೀಸಾ ಅಂತಾರೆ. ಇರಲಿ,
ಸಂಬಳದ ಚೀಟಿಯಲ್ಲೂ ಹಾಗೇ ಇದೆ."
ಮೂರು ದಿನ ಸ್ನಾನದ ಮನೆಯಲ್ಲಿ ಲೊಚಗುಟ್ಟಿದೆ.
ಕೆಳಮನೆಯವರು ನಾನು ಬೆಕ್ಕು ಸಾಕಿದ್ದೇನೆಂದುಕೊಂಡರು.

ಮ್ತಾತಾ ಊರಿನ ಚರ್ಚಿನಲ್ಲಿ ಅವಳಿಗೆ ಹಾಡು ಕಲಿಸಿದವನು
ಬಸ್ ಡಿಪೋದ ಮೆಕ್ಯಾನಿಕ್ಕು. ಪಿಯಾನೊ ಇರಲಿಲ್ಲ.
ಗ್ರೀಸು ಮೆತ್ತಿದ ಬೆರಳಲ್ಲಿ ದೊ, ರೆ, ಮಿ ಎಂದು
ಟೈರಿನ ಲೇಬಲ್ಲುಗಳ ಹಿಂಬದಿಗೆ ಬರೆದು ಹಂಚುತ್ತಿದ್ದನಂತೆ.
"ತಪ್ಪಿದರೆ ಅಲ್ಲಿ ಯಾರೂ ಎತ್ತಿಕೊಡುತ್ತಿರಲಿಲ್ಲ.
ಪಕ್ಕದವಳ ಮೊಣಕೈ ಇತ್ತಲ್ಲ."

ರಜೆ ಸಿಕ್ಕರೆ ರಾತ್ರಿ ಬಸ್ಸು. ಗ್ರಾಜ್, ಆಂಟ್ವರ್ಪ್, ಲಿಯಾನ್.
ಆರು ನಿಮಿಷ ಹಾಡಿ, "ಧನ್ಯವಾದ, ತಿಳಿಸುತ್ತೇವೆ" ಕೇಳಿ,
ಶಾಲನ್ನು ಕೊರಳಿಗೆ ಎರಡು ಸುತ್ತು ಸುತ್ತಿಕೊಂಡು
ಯಾರೊಂದಿಗೂ ಮಾತಾಡದೆ ವಾಪಸು.
ಹಳ್ಳಿ ಚರ್ಚುಗಳಲ್ಲಿ ಈಸ್ಟರ್ ಕಛೇರಿ: ಇನ್ನೂರು ಯೂರೊ, ಒಂದು ಕೇಕು.
ವೀಸಾ ಕಿಟಕಿಯ ಗುಮಾಸ್ತ ಕೇಳಿದನಂತೆ,
"ಈ ಕೆಲಸಕ್ಕೆ ನಮ್ಮ ದೇಶದವರು ಯಾರೂ ಸಿಗುವುದಿಲ್ಲವೆ?"
ಏನು ಹೇಳಿದಳೋ ಗೊತ್ತಿಲ್ಲ.
ಆ ಸಂಜೆ ಅವಳ ಮೇಲಿನ ಸ್ವರ ಕೊಂಚ ಹರಿತವಾಗಿತ್ತು.

ಎರಡನೆಯ ವರ್ಷ ದಾಸಿಯ ಮರದ ಅಟ್ಟೆ ಹೋಗಿ ಗೆಳತಿಯ ಸ್ಯಾಟಿನ್,
ಮೂರನೆಯದಕ್ಕೆ ಮದುಮಗಳ ಬಿಳಿ ಹಿಮ್ಮಡಿ,
ಆಮೇಲೆ ಬರಿಗಾಲು: ಕೊನೆಯಂಕದಲ್ಲಿ ಸಾಯುವವಳು.
ಸಾಯುವಾಗ ಅವಳ ಹೆಬ್ಬೆರಳು ನನ್ನ ಮುಚ್ಚಳಕ್ಕೆ ಒಂದೇ ಮೊಳ,
ಹಲಗೆ ಅದುರುವುದು ನನ್ನ ಹಲ್ಲಿಗೆ ತಿಳಿಯುತ್ತಿತ್ತು.
ಪತ್ರಿಕೆಗಳು ಮಖಮಲ್ಲಿನ ಕಂಠ ಎಂದವು.
"ಇವರು ಕೈಯಿಂದ ಕೇಳುತ್ತಾರೇನು?" ಅಂದಳು.

ಹಳೆಯ ಆಪೆರಾ ಮರಳಿ ಬಂತು, ಈಗ ಅವಳೇ ಒಡತಿ.
ಆ 'ಆದರೂ' ಒಡತಿಯ ಸಾಲಿನಲ್ಲೂ ಇತ್ತು.
ಅಲ್ಲಿಗೆ ಬಂದಾಗ ಪಾದ ನನ್ನತ್ತ ಒಂದು ಬೆರಳಷ್ಟು ತಿರುಗುತ್ತಿತ್ತು.
ನಾನು ಕೊಡುತ್ತಿದ್ದೆ.

ಅವಳ ಕೊನೆಯ ರಾತ್ರಿ ನನಗೆ ಕೆಮ್ಮು.
ಸಾಲು ಬಂತು, ಗಂಟಲು ಕಟ್ಟಿತು, ಕೊಡಲಾಗಲಿಲ್ಲ.
ಅವಳು ಹಾಡಿಯೇ ಹಾಡಿದಳು,
ಹಾಲಿಗೆ ಹಾಲು ಬೆರೆತಷ್ಟು ಸಲೀಸಾಗಿ.
ಎಂದಿನಿಂದ ಬರುತ್ತಿತ್ತು ಅದು ಅವಳಿಗೆ? ಕೇಳಲಿಲ್ಲ.
ಸೂಟ್‌ಕೇಸು ಎಳೆದುಕೊಂಡು ಹೋದಳು.
ಅದರ ಒಂದು ಗಾಲಿ ಶ್ರುತಿ ತಪ್ಪಿ ಕಿರುಗುಟ್ಟುತ್ತಿತ್ತು.

ಅವಳೀಗ ಹಾಡುವ ದೊಡ್ಡ ಮಂದಿರಗಳಲ್ಲಿ
ಗುಂಡಿ ಮುಚ್ಚಿ ಹಲಗೆ ಜಡಿದಿದ್ದಾರಂತೆ.
ಇವತ್ತು ಶನಿವಾರ. ಆಲೂಗಡ್ಡೆ ಸುಲಿಯುತ್ತ
ರೇಡಿಯೊದ ಮುಂದೆ ಕಾದೆ.
ನಿರೂಪಕ ಗಂಟಲು ಸರಿಮಾಡಿಕೊಂಡ:
"ಮುಖ್ಯ ಪಾತ್ರದಲ್ಲಿ, ಝೊಲಿಸ್ವಾ..."
ಚಾಕು ಕೆಳಗಿಟ್ಟು, ನಾಲಿಗೆ ದವಡೆಗೆ ಅಂಟಿಸಿ,
ಅರೆಮಾತ್ರೆ ಮುಂಚೆಯೇ ಎತ್ತಿಕೊಟ್ಟೆ.

ಪುಣ್ಯಾತ್ಮ ತೆಗೆದುಕೊಳ್ಳಲಿಲ್ಲ.