ಬೆಂಡಿನ ಚೆಂಡು

ಅಪ್ಪನಿಗೆ ಸಿಕ್ಕ ಕೆಲಸ ಇಷ್ಟೇ:
ಚಂದ್ರನ ಮೇಲೆ ಬಿದ್ದರೂ ಒಡೆಯದ ಒಂದು ಚೆಂಡು.
ಉಕ್ಕಿನದಲ್ಲ, ಮರದ್ದು.
ಮರವೆಂದರೆ ಮರವೂ ಅಲ್ಲ, ಬಾಲ್ಸಾ,
ಉಗುರು ಒತ್ತಿದರೆ ಕುಳಿ ಬೀಳುವ ಬೆಂಡು,
ಈಕ್ವಡಾರಿನ ಕಾಡಿಂದ ಹಡಗೇರಿ
ನ್ಯೂಪೋರ್ಟ್ ಬೀಚಿನ ಶೆಡ್ಡಿಗೆ ಬಂದದ್ದು.

ಅದಕ್ಕೂ ಮುಂಚೆ ದೋಣಿ ಕಟ್ಟುತ್ತಿದ್ದ
ಆಸ್ಮಂಡ್ ಟ್ವೈಟ್, ನಮ್ಮಪ್ಪ.
ನೀರಿಗೆ ಹೆದರದ ಮರ ಅವನಿಗೆ ಗೊತ್ತಿತ್ತು.
ನೀರೇ ಇಲ್ಲದ ಕಡೆ ಹೊರಟ ಮರಕ್ಕೆ
ಏನಂತ ಬುದ್ಧಿ ಹೇಳುವುದು?

ಹೋಳು ಕೊಯ್ದು, ಎಳೆಯನ್ನು ಹೊರಮುಖ ನಿಲ್ಲಿಸಿ
ಅಂಟು ಹಚ್ಚಿ ಕೂಡಿಸುತ್ತಿದ್ದ.
ಒಮ್ಮೆ ಊಟದ ಮೇಜಿನ ಮೇಲೆ ಕಿತ್ತಳೆ ಬಿಡಿಸಿ
ತೊಳೆ ತೊಳೆ ಮತ್ತೆ ಜೋಡಿಸಿ ತೋರಿಸಿದ:
"ನಡುವೆ ಒಂದು ಕಿವಿ ಇರುತ್ತೆ, ರಾಗ್ನಾ,
ದ್ರವದಲ್ಲಿ ತೇಲುತ್ತಾ.
ಚಂದ್ರ ನಡುಗಿದರೆ ಅದಕ್ಕೆ ಕೇಳುತ್ತೆ."
"ಚಂದ್ರ ಯಾಕೆ ನಡುಗಬೇಕು, ಚಳಿಗಾ?"
"ಅದನ್ನ ಕೇಳೋಕೇ ಕಳಿಸೋದು."

ಕಳಿಸುವ ಮೊದಲು ಬೇಯಿಸಿದರು,
ಒಂದು ಹಗಲು ಒಂದು ರಾತ್ರಿ,
ಕುದಿನೀರಿಗಿಂತ ಬಿಸಿಯ ಒಲೆಯಲ್ಲಿ.
ನಮ್ಮ ನೆಗಡಿ ಕೆಮ್ಮು ಅಲ್ಲಿಗೆ ಅಂಟಬಾರದಂತೆ.
ಯಾವನೋ ಕೈಗವಸಿನವ ಬಂದು
ಅಪ್ಪನ ಬೆರಳಚ್ಚನ್ನೂ ಸ್ಪಿರಿಟ್ಟಿನಲ್ಲಿ ಒರೆಸಿದ.
ಪಾದ್ರಿಯ ಮನೆಯಲ್ಲೂ ಇಷ್ಟು ಮಡಿ ಕಾಣೆ
ಅಂದಳು ಅಮ್ಮ.

ಮೊದಲನೆಯದು, ಜನವರಿ. ವಿಪರೀತ ವೇಗ.
ಚಂದ್ರ ಬರುವ ಮುಂಚೆಯೇ ಚಂದ್ರನ ದಾರಿ ದಾಟಿತು,
ಬಸ್ಸು ಬರುವಷ್ಟರಲ್ಲಿ ಸ್ಟಾಪು ಬಿಟ್ಟು
ನಡೆದೇ ಹೊರಟವರಂತೆ.

ಎರಡನೆಯದು, ಏಪ್ರಿಲ್. ಗುರಿ ಸರಿಯಿತ್ತು.
ಒಳಗಿನ ಗಡಿಯಾರ ನಿಂತುಹೋಗಿತ್ತು.
ರೆಕ್ಕೆ ಬಿಚ್ಚಲಿಲ್ಲ, ಹೇಳಿದ ಮಾತು ಕೇಳಲಿಲ್ಲ,
ಪಲ್ಟಿ ಹೊಡೆಯುತ್ತಾ ಹೆಣದಂತೆ ಸಾಗಿತು.
ಚೆಂಡಿನ ಪುಟ್ಟ ರೇಡಿಯೊ ಮಾತ್ರ
ಹೆಣದ ಜೇಬಿನಲ್ಲಿ ಉಳಿದ ವಾಚಿನಂತೆ
ಸದ್ದು ಮಾಡುತ್ತಲೇ ಇತ್ತು.
ಮೊಹಾವೆ ಮರುಭೂಮಿಯಲ್ಲೊಂದು ದೊಡ್ಡ ತಟ್ಟೆ
ಆಕಾಶಕ್ಕೆ ಬಾಯಿ ತೆರೆದು ಆಲಿಸಿತು.

ಅಪ್ಪ ಅದನ್ನು ಚಮಚದಲ್ಲಿ ಬಡಿದು ತೋರಿಸಿದ.
ಟಿಕ್. ಟಿಕ್. ಚಂದ್ರನ ಅಂಚು. ಟಿಕ್.
ಚಮಚ ಗಾಳಿಯಲ್ಲೇ ನಿಂತಿತು.
"ಆಮೇಲೆ?" ಅಮ್ಮ ಸೌಟು ಹಿಡಿದೇ ಕೇಳಿದಳು.
"ಆಮೇಲೇನು. ಬಿತ್ತು.
ನಮಗೆ ಕಾಣದ ಮಗ್ಗುಲಲ್ಲಿ."

ಮುಟ್ಟಿತಲ್ಲ, ಅದೇ ದೊಡ್ಡದು ಎಂದರು ಕೋಟು ಹಾಕಿದವರು.
ಪಕ್ಕದ ಮನೆಯ ಡಲ್ಸಿ ಪ್ರೂಯಿಟ್ ಪೀಚಿನ ಪೈ ತಂದಳು.
ಅಪ್ಪ ಎರಡು ತುಂಡು ತಿಂದ.
ಬಾಯಿ ಒರೆಸಿಕೊಂಡು ಹೇಳಿದ:
"ಗೂಡಿಂದ ಬಿದ್ದ ಮೊಟ್ಟೆಯನ್ನ
ಹಾರಿತು ಅನ್ನಬಹುದಾ?"

ಮೂರನೆಯದು ಅಕ್ಟೋಬರಿನಲ್ಲಿ.
ದಾರಿಯಲ್ಲೇ ದೀಪ ಆರಿ,
ಏಳುನೂರು ಕಿಲೋಮೀಟರು ಆಚೆಯಿಂದ
ಕಂಡೂ ಮಾತಾಡಿಸದ ನೆಂಟನಂತೆ ಹೋಯಿತು.
ಮರುದಿನ ಸಂಜೆಯೇ ಕ್ಯೂಬಾದ ಸುದ್ದಿ.
ಬೀದಿಯವರೆಲ್ಲ ಡಬ್ಬಿ ಬೀನ್ಸು, ಹಾಲಿನ ಪುಡಿ,
ಮೇಣದ ಬತ್ತಿಗೆಂದು ಓಡಿದರು.
ಆ ವಾರ ಅಪ್ಪನನ್ನು ಯಾರೂ ಕೆಣಕಲಿಲ್ಲ.
ರಾಕೆಟ್ಟು ಗುರಿ ತಪ್ಪಲಿ ಎನ್ನುವುದು
ಆ ಒಂದು ವಾರ
ಎಲ್ಲರ ಪ್ರಾರ್ಥನೆಯಾಗಿತ್ತು.

ಆಮೇಲೆ ಚೆಂಡು ಬೇಡವೆಂದರು, ಕ್ಯಾಮೆರಾ ಸಾಕಂತೆ.
ಉಳಿದ ತುಂಡಿನಲ್ಲಿ ಅಪ್ಪ
ಗಾಳಕ್ಕೊಂದು ತೇಲುಬೆಂಡು ಕೆತ್ತಿದ, ಕೆಂಪು ಬಳಿದ,
ಕಟ್ಟೆಯ ತುದಿಯಲ್ಲಿ ಕೂತು ಕಡಲಿಗೆ ಎಸೆಯುತ್ತಿದ್ದ.
ಹುಣ್ಣಿಮೆಯಂದು ಮಾತ್ರ ಹೋಗುತ್ತಿರಲಿಲ್ಲ.
ಮೀನು ಕಚ್ಚಲ್ಲ ಎನ್ನುತ್ತಿದ್ದ.

ನನಗೀಗ ಎಪ್ಪತ್ತಮೂರು.
ಎಂದೂ ಬೆನ್ನು ತೋರಿಸದ ಧೀರ
ಛಾವಣಿಯ ಮೇಲೆ ಬಂದು ನಿಂತಾಗ
ಒಳಗೊಳಗೇ ನಗು ಬರುತ್ತೆ:
ಆ ಬೆನ್ನಿನ ಮೇಲೆ ಎಲ್ಲೋ
ಒಂದು ಹಿಡಿ ಮರದ ಪುಡಿ,
ಚೂರಾದ ಒಂದು ಕಿವಿ.

ಕೆಂಪು ಬೆಂಡು ನನ್ನ ಕಿಟಕಿಯಲ್ಲಿದೆ,
ಬಣ್ಣ ಎದ್ದುಹೋಗಿದೆ.
ಉಗುರು ಒತ್ತಿದೆ ಇವತ್ತು.
ಇನ್ನೂ ಕುಳಿ ಬೀಳುತ್ತೆ.