ಮುನ್ನೂರ ಹದಿನೇಳನೆಯ ಸಾವು

ಈ ವಾರ ವಿಜ್ಞಾನಿಯನ್ನು ಉಪ್ಪಿನಲ್ಲಿ ಕರಗಿಸಬೇಕು,
ಜಿಗಣೆಯ ಹಾಗೆ.
ಹಾಳೆಯ ಅಂಚಿನಲ್ಲಿ ಬರ್ಬ್ಯಾಂಕಿನವರ ಟಿಪ್ಪಣಿ:
ಹನ್ನೆರಡನೆಯ ಚಿತ್ರಕ್ಕೆ ಕಣ್ಣು ಕಳಚಲಿ,
ಹದಿನೆಂಟಕ್ಕೆ ನಗು.
ನಗು ಯಾರದು ಅಂತ ಬರೆದಿಲ್ಲ.

ನಾನು ಪ್ಯೊ ಒಕ್‌ಸುನ್. ಸಿಯೋಲ್ ನಗರದ ಗುರೊ ಪೇಟೆ,
ಏಳನೆಯ ಮಹಡಿ, ಕಿಟಕಿಯಿಂದ ಮೂರನೆಯ ಮೇಜು.
ಮೊದಲ ಚಿತ್ರ ಬೇರೆಯವರದು, ಕೊನೆಯದೂ ಬೇರೆಯವರದು.
ಬಾಯಿ ಮುಚ್ಚಿದ್ದು ಅವರು, ತೆರೆದದ್ದು ಅವರು;
ಮುಚ್ಚಿದ್ದು ತೆರೆಯುವ ತನಕದ ದುಡಿಮೆ ನನ್ನದು.
ಮೂವತ್ತೊಂದು ವರ್ಷ ನಡುವಿನಲ್ಲೇ ಕಳೆದೆ.

ಆತ ಪ್ರತಿ ವಾರ ಸಾಯುತ್ತಾನೆ.
ನನ್ನ ಲೆಕ್ಕದಲ್ಲಿ ಇದು ಮುನ್ನೂರ ಹದಿನೇಳು.
ಪಕ್ಕದ ವಿಶ್ವದಿಂದ ಅಂಥವನೇ ಇನ್ನೊಬ್ಬ ಬಂದು
ಇನ್ನೂ ಬೆಚ್ಚಗಿರುವ ಕುರ್ಚಿಯಲ್ಲಿ ಕೂತು
ಹೋದವನು ಅರ್ಧ ಬಿಟ್ಟ ಬನ್ನು ತಿನ್ನುತ್ತಾನೆ.
ಹೆಂಡತಿಗೆ ಗೊತ್ತಾಗುವುದಿಲ್ಲ. ನಾಯಿಗೆ ಗೊತ್ತಾಗುತ್ತದೆ;
ನಾಯಿಯೂ ಬನ್ನಿನ ಪಾಲು ತಗೊಂಡು ಸುಮ್ಮನಾಗುತ್ತದೆ.

ಅವರ ಮಾತು ನನಗೆ ತಿಳಿಯದು.
ತುಟಿಯ ಎಂಟು ಆಕಾರ ಬಲ್ಲೆ, ಅಷ್ಟೆ.
ಊಟದ ಹೊತ್ತಿಗೆ ತೆಕ್‌ಗ್ಯು ಅರ್ಥ ಹೇಳುತ್ತಾನೆ,
ಮೂಲಂಗಿ ಉಪ್ಪಿನಕಾಯಿ ಕಡಿಯುತ್ತ, ಅರ್ಧ ನುಂಗುತ್ತ:
"ವಿಶ್ವದ ತುದಿಯಲ್ಲಿ ಒಂದು ಬಾಗಿಲು, ಅಕ್ಕಾ.
ಇವನು ಎಂಟುನೂರು ಕೋಟಿ ವರ್ಷ ನಡೆದು ಹೋಗಿ ತಟ್ಟುತ್ತಾನೆ.
ಬಾಗಿಲ ಮೇಲೊಂದು ಬೋರ್ಡು:
ಊಟಕ್ಕೆ ಹೋಗಿದ್ದೇವೆ."
ನಮ್ಮಲ್ಲಿ ಯಾರೂ ನಗಲಿಲ್ಲ.
ನಮಗೆ ಊಟಕ್ಕೆ ಇಪ್ಪತ್ತೇ ನಿಮಿಷ.

ಎರಡು ದಿನಕ್ಕೆ ಬೋರ್ಡು ವಾಪಸು ಬಂತು.
ಇನ್ನಷ್ಟು ಧೂಳು ಬೇಕು;
ಹೋದವರು ಬರುವುದಿಲ್ಲ ಅಂತ ನೋಡಿದ ಕೂಡಲೇ ಹೊಳೆಯಬೇಕು.
ಧೂಳು ಹಾಕಿದೆ. ಕೇಳದಿದ್ದರೂ ಒಂದು ಜೇಡ ಹಾಕಿದೆ.
ಜೇಡ ಅವರಿಗೆ ಹಿಡಿಸಿತಂತೆ.
ಜೇಡಕ್ಕೆ ಕೂಲಿ ಸಿಗಲಿಲ್ಲ.

ಅಕ್ಕ ಜೊಮ್‌ರೆ ಸತ್ತದ್ದು ಮಾರ್ಚಿನಲ್ಲಿ.
ಗಾರಾಕ್ ಸಂತೆಯಲ್ಲಿ ನಲವತ್ತು ವರ್ಷ ಎಲುಬಿನ ಸಾರು ಮಾರಿದವಳು.
ಕುದಿವ ಮಣ್ಣಿನ ಬಟ್ಟಲು ಮುಂದಿಡುತ್ತ ಎಲ್ಲರಿಗೂ ಒಂದೇ ಮಾತು:
ಬಿಸಿ ಇದೆ, ಜೋಪಾನ.
ಕುಡಿದು ಬಂದವನಿಗೂ, ಸಾಲ ವಸೂಲಿಗೆ ಬಂದವನಿಗೂ,
ಮನೆ ಬಿಟ್ಟು ಹೋಗುತ್ತೇನೆಂದ ರಾತ್ರಿ ಗಂಡನಿಗೂ.

ಬ್ಯೊಕ್‌ಜೆಯ ಚಿತಾಗಾರದಲ್ಲಿ ಗೋಡೆಗೊಂದು ಪರದೆ,
ರೈಲು ನಿಲ್ದಾಣದ ಹಾಗೆ: ಹೆಸರು, ಒಲೆಯ ನಂಬರು, ಸ್ಥಿತಿ.
ಪ್ಯೊ ಜೊಮ್‌ರೆ, ಒಂಬತ್ತು, ಉರಿಯುತ್ತಿದೆ.
ನೂರು ನಿಮಿಷ.
ಬೇರೇನೂ ತೋಚದೆ ಲೆಕ್ಕ ಹಾಕಿದೆ:
ಸೆಕೆಂಡಿಗೆ ಇಪ್ಪತ್ತನಾಲ್ಕರಂತೆ
ಒಂದು ಲಕ್ಷ ನಲವತ್ತನಾಲ್ಕು ಸಾವಿರ ಚಿತ್ರ.
ಜಿಪುಣತನದಿಂದ ಒಂದನ್ನೇ ಎರಡು ಸಲ ತೋರಿಸಿದರೂ
ಎಪ್ಪತ್ತೆರಡು ಸಾವಿರ.
ಯಾರು ಬಿಡಿಸುತ್ತಾರೆ ಇಷ್ಟನ್ನು?
ಅಕ್ಕನ ಮಗ ಯಂತ್ರದ ಕಾಫಿ ತಂದ.
ಪರದೆ ಬದಲಾಯಿತು: ತಣಿಯುತ್ತಿದೆ.

ಬಿಳಿ ಕೈಗವಸಿನ ಹುಡುಗ, ಇಪ್ಪತ್ತೈದು ದಾಟಿರಲಿಕ್ಕಿಲ್ಲ,
ಡಬ್ಬಿಯನ್ನು ಎರಡೂ ಕೈಯಲ್ಲಿ ನೀಡಿ, ತಲೆ ಬಾಗಿಸಿ, ಅಂದ:
ಬಿಸಿ ಇದೆ, ಜೋಪಾನ.

ನಕ್ಕೆ.
ಅಕ್ಕನನ್ನು ಎದೆಗವಚಿಕೊಂಡು ಬಗ್ಗಿ ಬಗ್ಗಿ ನಕ್ಕೆ.
ಅವಳ ಮಗ ಎರಡು ಹೆಜ್ಜೆ ಹಿಂದೆ ಸರಿದ.
ಹುಡುಗ ಕ್ಷಮೆ ಕೇಳಿದ, ಯಾವುದಕ್ಕೆಂದು ತಿಳಿಯದೆ.
ಕಪ್ಪು ಗಾಜಿನಲ್ಲಿ ನನ್ನ ಬಾಯಿ ಕಂಡಿತು,
ಎಂಟರಲ್ಲಿ ಒಂದು ಆಕಾರಕ್ಕೂ ಸೇರದ ಬಾಯಿ.

ಈಗ ಉಪ್ಪು. ಮೊಣಕಾಲ ತನಕ ಕರಗಿಸಿದ್ದೇನೆ.
ಕೊನೆಗೆ ಅವನು ಏನೋ ದೊಡ್ಡದು ಹೇಳುತ್ತಾನಂತೆ,
ಯಾವುದಕ್ಕೂ ಅರ್ಥವಿಲ್ಲ ಅಂತ.
ಇರಬಹುದು.
ಆ ಮಾತಿಗೂ ಮುಚ್ಚಿದ ಬಾಯಿ ತೆರೆಯಬೇಕಲ್ಲ,
ನಡುವೆ ಐದು ಚಿತ್ರ ಬೇಕು.
ಪೆನ್ಸಿಲು ಹೆರೆದೆ.
ಮೂರನೆಯದರಲ್ಲಿ ಮುಂದಿನ ಹಲ್ಲುಗಳ ಸಂದಿ ಅಕ್ಕನದು.
ಬರ್ಬ್ಯಾಂಕಿನವರಿಗೆ ಕಾಣಲಿಕ್ಕಿಲ್ಲ.
ನಾಯಿಗೆ ಕಾಣುತ್ತದೆ.