ಉಣ್ಣೆಯೆಳೆ ಹೇಳಿದ್ದು

ಓರೆಸ್ಟ್ ಮೊದಲು ಗಾಳಿಯ ಮುಖಕ್ಕೇ ಗುರಿಯಿಟ್ಟ.
ಹಳೆಯ ಗೋಧಿ ಕಣಜದ ತಗಡು ಬಗ್ಗಿಸಿ
ಟ್ರೈಲರಿನ ಚಪ್ಪಟೆ ಹಣೆಗೊಂದು ಮೂಗು ಕೂರಿಸಿದ.
ರಿವೆಟ್ ಹೊಡೆಯುವಾಗ ಒಳಗಿಂದ ಒತ್ತಿ ಹಿಡಿದವಳು ನಾನು;
ಎರಡು ದಿನ ಕಿವಿ ಗುಂಯ್‌ಗುಟ್ಟಿತು.

ಮೇಪಲ್ ಕ್ರೀಕಿನ ಪಂಪಿನಲ್ಲಿ ಲೆಕ್ಕ ಹಾಕಿದರೆ
ನೂರು ಕಿಲೋಮೀಟರಿಗೆ ಇಪ್ಪತ್ತೆರಡು ಲೀಟರ್ ಕುಡಿಯುತ್ತಿದ್ದದ್ದು
ಇಪ್ಪತ್ತೊಂದು ಕುಡಿದಿದೆ.
ರಸೀದಿಯ ಬೆನ್ನಿಗೆ ಬರೆದ, ಹೊಡೆದುಹಾಕಿದ, ಮತ್ತೆ ಬರೆದ.
ಇಪ್ಪತ್ತೊಂದೇ.

ನಮ್ಮದು ಕುರಿಗಳ ಉಣ್ಣೆ ತೆಗೆಯುವ ಕೆಲಸ.
ಕುರಿಗೆ ಎಂಟು ಡಾಲರು.
ಅವನು ಬಾಗಿ ಕತ್ತರಿಸುತ್ತಾನೆ,
ನಾನು ಸುತ್ತಿ, ಚೀಲಕ್ಕೆ ಹಾಕಿ, ತುಳಿಯುತ್ತೇನೆ.
ಟ್ರೈಲರಿನಲ್ಲಿ ಹಲಗೆ, ಮೋಟಾರು, ಸಾಣೆಕಲ್ಲು, ಎರಡು ಹಾಸಿಗೆ.
ದೊಡ್ಡಿಯಿಂದ ದೊಡ್ಡಿಗೆ ಪೆಟ್ರೋಲು ನಮ್ಮದೇ ಖರ್ಚು.
ಸಸ್ಕಾಚೆವಾನಿನ ಗಾಳಿಯೂ ನಮ್ಮದೇ ಖರ್ಚು.

ಉಣ್ಣೆ ಅಂಟಿಸಿ ನೋಡೋಣ ಅಂದದ್ದು ನಾನು.
ಗೇಣುದ್ದದ ಎಳೆಗಳು, ತುದಿಗೆ ಟೇಪು,
ಪಕ್ಕಗಳಿಗೆ ಸಾಲುಸಾಲು, ಹಿಂಬಾಗಿಲಿಗೆ ಒಂಬತ್ತು.
ಅವನು ಮುಂದೆ, ನಾನು ಅಕ್ಕನ ಕಾರಿನಲ್ಲಿ ಬೆನ್ನಿಗೆ.
ಗಲ್ ಲೇಕ್ ದಾಟಿತು. ಮುಳ್ಳು ತೊಂಬತ್ತರಲ್ಲಿ.
ಒಂದು ಗೂಡ್ಸ್ ರೈಲು ಎಷ್ಟು ಹೊತ್ತಾದರೂ ಮುಗಿಯಲಿಲ್ಲ.

ಮೂಗಿನ ಬಳಿಯ ಎಳೆಗಳು
ಎಣ್ಣೆ ಹಚ್ಚಿ ಬಾಚಿದ ಹಾಗೆ.
ನಡುವಿನವು ತುಸು ನಡುಗುತ್ತಿದ್ದವು.
ಬಾಗಿಲಿನ ಒಂಬತ್ತೂ
ಸುತ್ತಿ, ಮೇಲಕ್ಕೆದ್ದು, ಬಾಗಿಲಿಗೇ ತಲೆ ಚಚ್ಚಿಕೊಳ್ಳುತ್ತಿದ್ದವು,
ಬೋಳಿಸಿಕೊಂಡ ಮೇಲೂ ದೊಡ್ಡಿಗೇ ವಾಪಸು ನುಗ್ಗುವ ಕುರಿಗಳ ಹಾಗೆ.

ರಸ್ತೆಬದಿಗೆ ನಿಲ್ಲಿಸಿ ಹೇಳಿದೆ:
ಮುಂದೆ ತಡೆಯುವ ಗಾಳಿಯದಲ್ಲ ಓರೆಸ್ಟ್,
ಹಿಂದೆ ಜಗ್ಗುವ ಗಾಳಿಯದು ಈ ಕಾಟ.
ಎತ್ತು ಏರಿಗೆ, ಕೋಣ ನೀರಿಗೆ.
ಅವನು ಬಹಳ ಹೊತ್ತು ತಗಡಿನ ಮೂಗನ್ನೇ ಸವರುತ್ತ ನಿಂತ.
ಅದಕ್ಕೆ ಎರಡು ಭಾನುವಾರ ಸುರಿದಿದ್ದ.

ಬಾಲಕ್ಕೆ ಸಿಕ್ಕಿದ್ದು ಚುನಾವಣೆಯ ಫಲಕಗಳು,
ಹಗುರ ಪ್ಲಾಸ್ಟಿಕ್ಕು, ಸೋತವನ ಗರಾಜಿನಿಂದ ಪುಕ್ಕಟೆ.
ಅವನೇ ಹೊತ್ತು ತಂದ, ಕಾಫಿ ಕೊಟ್ಟ,
ಎಷ್ಟು ಮತದಿಂದ ಎಂದು ನಾವು ಕೇಳಲಿಲ್ಲ.
ನಾಲ್ಕು ಹಲಗೆ, ಮೂರಡಿ, ಒಳಮುಖಕ್ಕೆ ಓರೆ,
ಬಾಗಿಲು ತೆರೆಯುವಾಗ ಮಡಚಲು ಕೀಲು.
ಎಡಗಡೆಯದರಲ್ಲಿ ಅವನ ಅರ್ಧ ನಗು ಇನ್ನೂ ಇದೆ.
ಬಣ್ಣ ಬಳಿಯಬೇಕು. ಬಳಿದಿಲ್ಲ.

ಈಗ ಹದಿನೆಂಟು.
ಅಡ್ಡಗಾಳಿ ಬೀಸಿದರೆ ಹತ್ತೊಂಬತ್ತು, ಬಾಲ ಕಟಕಟ ಅನ್ನುತ್ತದೆ,
ಎದುರು ಬರುವ ಲಾರಿಯವರು ಹಾರ್ನ್ ಹೊಡೆದು ನಗುತ್ತಾರೆ.
ಓರೆಸ್ಟ್ ಉಳಿತಾಯವನ್ನು ಡಾಲರಿನಲ್ಲಿ ಎಣಿಸುವುದಿಲ್ಲ.
ಎಂಟುನೂರು ಕಿಲೋಮೀಟರಿನ ಸುತ್ತಿಗೆ ಆರು ಕುರಿ, ಅನ್ನುತ್ತಾನೆ.
ಆರು ಸಲ ಬಾಗುವುದು ತಪ್ಪಿತು.
ಸಂಜೆ ಸೊಂಟಕ್ಕೆ ನಾನು ಮುಲಾಮು ತಿಕ್ಕುವಾಗ
ಆ ಆರನ್ನು ಹುಡುಕುತ್ತೇನೆ.
ಸಿಕ್ಕಿಲ್ಲ ಇನ್ನೂ.

ಬಾಗಿಲಿನ ಒಂದು ಎಳೆ ತೆಗೆಯಲು ಮರೆತಿದ್ದೆ.
ನಿನ್ನೆ ಹಿಂದಿನಿಂದ ನೋಡಿದರೆ, ತೊಂಬತ್ತರ ವೇಗದಲ್ಲಿ
ಅದು ಸುಮ್ಮನೆ
ಕೆಳಮುಖವಾಗಿ
ಇಳಿಬಿದ್ದಿತ್ತು.